ಕರೆಂಟ್ ಚಿಕಿತ್ಸೆಯಾದ ಮಗಳ ಬೆನ್ನು ವಾಲುತ್ತಿದೆ: ಈಗೇನು ಮಾಡಬೇಕು?

ಪ್ರಶ್ನೆ: ನಮ್ಮದು ಶಿವಮೊಗ್ಗ ಜಿಲ್ಲೆ. ಮಗಳಿಗೆ ಮೂರೂವರೆ ವರ್ಷವಿದ್ದಾಗ ಎಡ ಕಿಡ್ನಿಯಲ್ಲಿ ವಿಲ್ಮ್ಸ್ ಗಡ್ಡೆ, ಅಂದರೆ ಮಕ್ಕಳಿಗೆ ಬರುವ ಕಿಡ್ನಿ ಕ್ಯಾನ್ಸರ್, ಅಂತ ಗೊತ್ತಾಯಿತು. ಆಪರೇಷನ್ ಮಾಡಿ ಕಿಡ್ನಿ ತೆಗೆದರು, ಕೀಮೋ ಆಯಿತು, ಆರು ದಿನ ಹೊಟ್ಟೆಯ ಎಡಪಕ್ಕಕ್ಕೆ ಕರೆಂಟ್ (ವಿಕಿರಣ ಚಿಕಿತ್ಸೆ) ಕೊಟ್ಟರು. ಡಿಸ್ಚಾರ್ಜ್ ಚೀಟಿಯಲ್ಲಿ 10.8 ಗ್ರೇ (ವಿಕಿರಣದ ಅಳತೆ) ಎಂದಿದೆ. ಈಗ ಅವಳಿಗೆ ಹತ್ತೂವರೆ. ಕಾಯಿಲೆ ಮತ್ತೆ ಬಂದಿಲ್ಲ. ಆದರೆ ಒಂದು ವರ್ಷದಿಂದ ಎಡ ಸೊಂಟ ಒಳಕ್ಕೆ ಹೋದಂತೆ ಕಾಣುತ್ತಿದೆ. ಯೂನಿಫಾರ್ಮಿನ ಸ್ಕರ್ಟು ಎಡಕ್ಕೇ ಜಾರುತ್ತದೆ. ಇಲ್ಲಿ ಎಕ್ಸ್-ರೇ ತೆಗೆಸಿದಾಗ ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು), 14 ಡಿಗ್ರಿ ಅಂದರು. ವಿಟಮಿನ್ ಡಿ ಪುಡಿ ವಾರಕ್ಕೊಂದು ಕೊಡಲು ಹೇಳಿದ್ದರು, ಐದು ತಿಂಗಳಿಂದ ಕೊಡುತ್ತಿದ್ದೇನೆ. ಪರಿಚಯದವರು ಹೇಳಿದರೆಂದು ಮೆಡಿಕಲ್ ಶಾಪಿನಿಂದ ಸೊಂಟದ ಬೆಲ್ಟು ತಂದಿದ್ದೇವೆ. ಅತ್ತೆ, ಹಾಲು ಕುಡಿಯದೆ ಹೀಗಾಯಿತು, ಮೈನೆರೆದ ಮೇಲೆ ತಾನಾಗಿ ನೆಟ್ಟಗಾಗುತ್ತದೆ ಎನ್ನುತ್ತಾರೆ. ಪಕ್ಕದ ಊರಿನ ನಾಟಿ ವೈದ್ಯರು ಎಣ್ಣೆ ಹಾಕಿ ತಿಕ್ಕಿ ಕೂರಿಸುತ್ತೇನೆ ಅಂದಿದ್ದಾರೆ. ಕರೆಂಟು ಇನ್ನೂ ಮೂಳೆಯೊಳಗಿದ್ದು ತಿನ್ನುತ್ತಿದೆ ಎಂದು ಒಬ್ಬರು ಹೆದರಿಸಿದರು. ಶಾಲೆಯಲ್ಲಿ ಖೋಖೋ ಆಡಬೇಡ ಅಂತ ಪಿಟಿ ಮೇಷ್ಟ್ರು ನಿಲ್ಲಿಸಿದ್ದಾರೆ. ಅವತ್ತು ಕರೆಂಟು ಹೆಚ್ಚಾಯಿತೇ? ಕ್ಯಾನ್ಸರ್ ಮೂಳೆಗೆ ಬಂದಿರಬಹುದೇ? ಮುಂದೆ ಮದುವೆ, ಮಕ್ಕಳಿಗೆ ತೊಂದರೆಯೇ?

ಉತ್ತರ: ನಿಮ್ಮ ಪ್ರಶ್ನೆಗಳಲ್ಲಿ ಹೆಚ್ಚು ಹೆದರಿಸಿದ್ದು ಕ್ಯಾನ್ಸರಿನ ಮಾತು, ಅದನ್ನೇ ಮೊದಲು ಮುಗಿಸೋಣ. ನೀವು ಬರೆದಿರುವ ಚಿತ್ರ, ಅಂದರೆ ಕರೆಂಟ್ ಕೊಟ್ಟ ಕಡೆಯ ಸೊಂಟ ಸಣ್ಣಗಾಗಿರುವುದು, ನೋವಿಲ್ಲದೆ ನಿಧಾನವಾಗಿ ಬಂದ ಸಣ್ಣ ಬಾಗು, ಆರೇಳು ವರ್ಷ ಕಳೆದ ಮೇಲೆ ಕಾಣಿಸಿಕೊಂಡಿರುವುದು, ಇವೆಲ್ಲ ವಿಕಿರಣ ಚಿಕಿತ್ಸೆಯ ತಡವಾದ ಪರಿಣಾಮದ ಲಕ್ಷಣ. ಕ್ಯಾನ್ಸರ್ ಮೂಳೆಗೆ ಹರಡಿದರೆ ಹೀಗೆ ಕಾಣುವುದಿಲ್ಲ. ಆ ಎಕ್ಸ್-ರೇಯನ್ನು ಚಿಕಿತ್ಸೆ ಕೊಟ್ಟ ಆಸ್ಪತ್ರೆಯ ಮಕ್ಕಳ ಕ್ಯಾನ್ಸರ್ ವಿಭಾಗಕ್ಕೆ ಒಮ್ಮೆ ತೋರಿಸಿ ಬನ್ನಿ. ಆದರೆ ಇವತ್ತು ರಾತ್ರಿ ನಿದ್ದೆಗೆಡುವ ವಿಷಯ ಇದಲ್ಲ.

ಇನ್ನು ಕರೆಂಟು ಮೂಳೆಯೊಳಗೆ ಉಳಿದಿದೆ ಎಂಬುದು. ಹೊರಗಿನ ಯಂತ್ರದಿಂದ ಕೊಡುವ ವಿಕಿರಣ ಸ್ವಿಚ್ ಆಫ್ ಮಾಡಿದ ಕ್ಷಣಕ್ಕೆ ಮುಗಿಯಿತು. ಮೈಯಲ್ಲಿ ಒಂದಿಷ್ಟೂ ಉಳಿಯುವುದಿಲ್ಲ, ಮಗುವನ್ನು ಮುಟ್ಟಿದವರಿಗೂ ಏನೂ ಆಗುವುದಿಲ್ಲ. ಆದರೆ ಆ ಆರು ದಿನಗಳಲ್ಲಿ ಬೆಳವಣಿಗೆಯ ಜೀವಕೋಶಗಳಿಗೆ ಆದ ಪೆಟ್ಟು ಆಗಲೇ ಕಣ್ಣಿಗೆ ಕಾಣುವುದಿಲ್ಲ. ಮಗು ಬೆಳೆದಂತೆಲ್ಲ ಪೆಟ್ಟು ತಿಂದ ಜಾಗ ಹಿಂದೆ ಬೀಳುತ್ತದೆ, ಪಕ್ಕದ ಜಾಗ ಮುಂದೆ ಹೋಗುತ್ತದೆ. ಈ ಅಂತರ ಕಣ್ಣಿಗೆ ಬೀಳಲು ವರ್ಷಗಳು ಬೇಕು. ಹಾಗಾಗಿ ಈಗ ಏನೋ ತಿನ್ನುತ್ತಿದೆ ಎಂದು ಅನ್ನಿಸುವುದು ಸಹಜ.

ಒಳಗೆ ಏನಾಗಿದೆ ಎಂದರೆ: ಮಕ್ಕಳ ಮೂಳೆಯ ತುದಿಗಳಲ್ಲಿ, ಬೆನ್ನುಮೂಳೆಯ ಒಂದೊಂದು ಕಶೇರುವಿನ (ಬೆನ್ನುಮೂಳೆಯ ಮಣಿಯ) ಮೇಲೆ ಕೆಳಗೆ, ಮೃದ್ವಸ್ಥಿಯ, ಅಂದರೆ ಮೆದು ಎಲುಬಿನ, ತೆಳುವಾದ ಪದರವಿದೆ. ಡಾಕ್ಟರುಗಳು ಗ್ರೋತ್ ಪ್ಲೇಟ್ ಎನ್ನುವುದು ಇದಕ್ಕೇ. ಇಲ್ಲಿನ ಜೀವಕೋಶಗಳು ಸದಾ ಒಡೆದು ಎರಡಾಗುತ್ತ ಮೂಳೆಯನ್ನು ಉದ್ದ ಮಾಡುತ್ತವೆ. ವಿಕಿರಣ ಹೊಡೆಯುವುದೇ ಹೀಗೆ ವೇಗವಾಗಿ ಒಡೆಯುವ ಕೋಶಗಳನ್ನು. ಗಡ್ಡೆಯ ಕೋಶ, ಬೆಳವಣಿಗೆಯ ಕೋಶ ಎಂಬ ಭೇದ ಅದಕ್ಕಿಲ್ಲ. ಸ್ಥೂಲವಾಗಿ ಹೇಳುವುದಾದರೆ 20 ಗ್ರೇ ದಾಟಿದಲ್ಲಿ ಗ್ರೋತ್ ಪ್ಲೇಟ್ ಬಹುಮಟ್ಟಿಗೆ ಕೆಲಸ ನಿಲ್ಲಿಸುತ್ತದೆ. 10ರಿಂದ 20ರ ನಡುವೆ ಅದು ನಿಧಾನವಾಗುತ್ತದೆ. ವಯಸ್ಸು ಎಷ್ಟು ಚಿಕ್ಕದೋ ಪರಿಣಾಮ ಅಷ್ಟು ಹೆಚ್ಚು, ಏಕೆಂದರೆ ಮುಂದೆ ಬೆಳೆಯಬೇಕಾದ ಬಾಕಿ ಅಷ್ಟು ದೊಡ್ಡದು. ಆರು ವರ್ಷದೊಳಗೆ ಮತ್ತು ಮೈನೆರೆಯುವ ಹೊತ್ತಿನಲ್ಲಿ ಕೊಟ್ಟ ವಿಕಿರಣ ಹೆಚ್ಚು ತೊಂದರೆ ಕೊಡುತ್ತದೆ. ನಿಮ್ಮ ಮಗಳು ಚಿಕಿತ್ಸೆಯ ಹೊತ್ತಿಗೆ ಬಹಳ ಚಿಕ್ಕವಳು, ಪ್ರಮಾಣ ಮಾತ್ರ ಕೆಳಗಿನ ಅಂಚಿನದು.

ಇದು ಬರೀ ಮೂಳೆಯ ವಿಷಯವೂ ಅಲ್ಲ. ಬೆನ್ನುಮೂಳೆಯ ಎಡಕ್ಕೆ ಅಂಟಿಕೊಂಡ ಸ್ನಾಯುಗಳು, ಚರ್ಮದಡಿಯ ಕೊಬ್ಬು, ಕೊನೆಯ ಪಕ್ಕೆಲುಬುಗಳು, ಸೊಂಟದ ಮೂಳೆಯ ಮೇಲಂಚು ಇವೆಲ್ಲ ಅದೇ ಕಿರಣದ ದಾರಿಯಲ್ಲಿದ್ದವು. ಸ್ನಾಯುವಿನೊಳಗಿನ ಬೆಳವಣಿಗೆಯ ಕೋಶಗಳೂ ಸಣ್ಣ ರಕ್ತನಾಳಗಳೂ ಪೆಟ್ಟು ತಿಂದು ಆ ಭಾಗ ತೆಳ್ಳಗೆ, ಸ್ವಲ್ಪ ಬಿಗಿಯಾಗಿ ಉಳಿಯುತ್ತದೆ. ಸ್ಕರ್ಟು ಎಡಕ್ಕೆ ಜಾರಲು ಕಾರಣ ಇದು: ಅದು ನಿಲ್ಲಬೇಕಾದ ಮೂಳೆಯ ಅಂಚು ಆ ಕಡೆ ಚಿಕ್ಕದು, ಮೇಲಿನ ಮಾಂಸವೂ ಕಡಿಮೆ. ಬೆಳೆಯದ ಈ ಎಡಪಕ್ಕ ಬೆನ್ನನ್ನು ತನ್ನೆಡೆಗೆ ಎಳೆಯುತ್ತದೆ, ಹಾಗಾಗಿ ಬಾಗಿನ ಒಳಮಗ್ಗುಲು ಸಾಮಾನ್ಯವಾಗಿ ಕರೆಂಟ್ ಕೊಟ್ಟ ಕಡೆಗೇ ಇರುತ್ತದೆ. ನಿಮ್ಮ ಎಕ್ಸ್-ರೇಯಲ್ಲೂ ಹಾಗೇ ಇದೆಯೇ ನೋಡಿ. ಉಬ್ಬು ಬಲಕ್ಕೆ, ತಗ್ಗು ಎಡಕ್ಕೆ ಇದ್ದರೆ ಕಾರಣ ವಿಕಿರಣವೇ ಎನ್ನುವುದಕ್ಕೆ ಬಲ ಬರುತ್ತದೆ. ತದ್ವಿರುದ್ಧವಿದ್ದರೆ ಮೂಳೆ ತಜ್ಞರು ಬೇರೆ ಕಾರಣವನ್ನೂ ಹುಡುಕಬೇಕು.

ಅವತ್ತು ಹೆಚ್ಚಾಯಿತೇ ಎಂಬ ಪ್ರಶ್ನೆಗೆ ನೇರ ಉತ್ತರ: ಇಲ್ಲ. ದಿನಕ್ಕೆ 1.8ರಂತೆ ಆರು ಸಲ, ಒಟ್ಟು 10.8 ಗ್ರೇ ಎನ್ನುವುದು ಮೂರನೇ ಹಂತದ ವಿಲ್ಮ್ಸ್ ಗಡ್ಡೆಗೆ ಕೊಡುವ ಪ್ರಮಾಣ. ಇದಕ್ಕೊಂದು ಹಿನ್ನೆಲೆಯಿದೆ. ಬೆಳೆಯುವ ಬೆನ್ನುಮೂಳೆಗೆ ವಿಕಿರಣ ಏನು ಮಾಡುತ್ತದೆ, ವಯಸ್ಸಿಗೂ ಪ್ರಮಾಣಕ್ಕೂ ಅದರ ನಂಟೇನು ಎಂದು ಬೋಸ್ಟನ್ನಿನ ಎಡ್ವರ್ಡ್ ನ್ಯೂಹೌಸರ್ ಮತ್ತು ಸಂಗಡಿಗರು 1952ರಲ್ಲೇ ಬರೆದಿದ್ದರು. ಆ ಕಾಲದ ಯಂತ್ರಗಳ ಕಿರಣಕ್ಕೆ ಶಕ್ತಿ ಕಡಿಮೆ, ಆದ್ದರಿಂದ ಮಾಂಸಕ್ಕಿಂತ ಮೂಳೆಯೇ ಕೆಲವು ಪಟ್ಟು ಹೆಚ್ಚು ಹೀರುತ್ತಿತ್ತು. ಸಾಲದ್ದಕ್ಕೆ ಕಿರಣವನ್ನು ಬೆನ್ನುಮೂಳೆಯ ಅರ್ಧಕ್ಕೆ ನಿಲ್ಲಿಸುತ್ತಿದ್ದರು. ಒಂದು ಅರ್ಧ ಬೆಳೆದು ಇನ್ನೊಂದು ನಿಂತು, ಮಕ್ಕಳ ಬೆನ್ನು ವಿಪರೀತ ಬಾಗುತ್ತಿತ್ತು. ಅಮೆರಿಕದಲ್ಲಿ 1969ರಲ್ಲಿ ರಾಷ್ಟ್ರೀಯ ವಿಲ್ಮ್ಸ್ ಗಡ್ಡೆ ಅಧ್ಯಯನ ಶುರುವಾದಾಗಲೂ ವಯಸ್ಸಿನ ಮೇಲೆ 18ರಿಂದ 40 ಗ್ರೇವರೆಗೆ ಕೊಡುತ್ತಿದ್ದರು. ಅದೇ ಅಧ್ಯಯನದ ಮೂರನೇ ಸುತ್ತಿನಲ್ಲಿ, ಕೀಮೋ ಸರಿಯಾಗಿದ್ದರೆ 20ರ ಜಾಗದಲ್ಲಿ 10 ಗ್ರೇ ಆಸುಪಾಸೇ ಸಾಕು ಎಂದು ಗೊತ್ತಾಯಿತು. ಈಗಿನ ಯಂತ್ರಗಳ ಕಿರಣ ಮೂಳೆಯಲ್ಲಿ ಹಾಗೆ ಹೆಚ್ಚಾಗಿ ನಿಲ್ಲುವುದಿಲ್ಲ. ಕಿರಣ ಬೀಳುವ ಕ್ಷೇತ್ರವನ್ನು ಗುರುತಿಸುವಾಗ ಬೆನ್ನುಮೂಳೆಯ ಪೂರ್ತಿ ಅಗಲವನ್ನು ಬೇಕೆಂದೇ ಒಳಗೆ ಸೇರಿಸುತ್ತಾರೆ. ಆರೋಗ್ಯವಾಗಿದ್ದ ಬಲ ಅರ್ಧಕ್ಕೂ ಯಾಕೆ ಕೊಟ್ಟರು ಎಂದು ಪ್ಲಾನ್ ನೋಡಿದ ಪೋಷಕರು ಕೇಳುವುದುಂಟು. ಎರಡು ಅರ್ಧವೂ ಸಮನಾಗಿ ನಿಧಾನವಾದರೆ ಬೆನ್ನು ತುಸು ಗಿಡ್ಡವಾದೀತು, ಬಾಗುವುದು ಕಡಿಮೆ. ಇಷ್ಟು ಪ್ರಮಾಣಕ್ಕೆ ಒಟ್ಟು ಎತ್ತರದಲ್ಲಿ ಆಗುವ ನಷ್ಟ ಸರಾಸರಿಯಲ್ಲಿ ಗಮನಕ್ಕೆ ಬಾರದಷ್ಟು. ಮೂಳೆಯನ್ನು ಹೀಗೆ ಸಮ ಮಾಡಬಹುದು. ಒಂದೇ ಪಕ್ಕದ ಸ್ನಾಯು, ಪಕ್ಕೆಲುಬು, ಸೊಂಟದ ಮೂಳೆಯನ್ನು ಸಮ ಮಾಡಲು ಮಾತ್ರ ದಾರಿಯಿಲ್ಲ. ಉಳಿದ ಬಾಗು ಅಲ್ಲಿಂದ ಬರುತ್ತದೆ.

ನಿಮ್ಮ ಅತ್ತೆಯ ಮಾತಿನಲ್ಲಿ ಹಾಲಿನದು ನಿರುಪದ್ರವಿ. ಕ್ಯಾಲ್ಸಿಯಂ ಕಡಿಮೆಯಾದರೆ ಎರಡೂ ಕಡೆಯ ಮೂಳೆ ಬಡವಾಗುತ್ತದೆ, ಒಂದೇ ಕಡೆಯ ಸೊಂಟ ಸಣ್ಣಗಾಗುವುದಿಲ್ಲ. ಆದರೆ ಮೈನೆರೆದ ಮೇಲೆ ತಾನಾಗಿ ನೆಟ್ಟಗಾಗುತ್ತದೆ ಎಂಬ ಮಾತು ಅಪಾಯಕಾರಿ. ಆಗುವುದು ಅದಕ್ಕೆ ಉಲ್ಟಾ. ಹೆಣ್ಣುಮಕ್ಕಳು ಅತಿ ವೇಗವಾಗಿ ಉದ್ದವಾಗುವುದು ಮೊದಲ ಮುಟ್ಟಿಗೆ ಆರು ತಿಂಗಳಿಂದ ಒಂದು ವರ್ಷ ಮುಂಚೆ. ಸರಿಯಾಗಿ ಬೆಳೆಯುವ ಭಾಗ ಓಡುವುದೂ, ಪೆಟ್ಟು ತಿಂದ ಭಾಗ ಹಿಂದುಳಿಯುವುದೂ, ಬಾಗು ಹೆಚ್ಚುವುದೂ ಆಗಲೇ. ಮುಟ್ಟಾಗಿ ಎರಡು ವರ್ಷ ಕಳೆಯುವ ಹೊತ್ತಿಗೆ ಬೆಳವಣಿಗೆ ಬಹುತೇಕ ನಿಂತಿರುತ್ತದೆ, ಬ್ರೇಸಿನಿಂದ (ಮೈಗೆ ಹಾಕುವ ಗಟ್ಟಿ ಕವಚದಿಂದ) ಏನಾದರೂ ಮಾಡುವ ಕಾಲವೂ ಮುಗಿದಿರುತ್ತದೆ. ಹತ್ತೂವರೆಯ ನಿಮ್ಮ ಮಗಳು ಆ ಓಟದ ಹೊಸ್ತಿಲಲ್ಲಿದ್ದಾಳೆ. 14 ಡಿಗ್ರಿ ಸಣ್ಣದು, ಚಿಕಿತ್ಸೆ ಬೇಡ. ಆದರೆ ಮುಂದಿನ ಎರಡು ಮೂರು ವರ್ಷ ಒಂದು ತಪಾಸಣೆಯನ್ನೂ ತಪ್ಪಿಸಬೇಡಿ. ಇಡೀ ಉತ್ತರದಲ್ಲಿ ಒಂದೇ ಒಂದನ್ನು ನೆನಪಿಡುವುದಾದರೆ ಇದನ್ನು ಇಡಿ.

ತಪಾಸಣೆಯಲ್ಲಿ ಮನೆಯ ಪಾಲೂ ಇದೆ, ಆಸ್ಪತ್ರೆಯ ಪಾಲೂ ಇದೆ. ಮನೆಯಲ್ಲಿ ಮೂರು ತಿಂಗಳಿಗೊಮ್ಮೆ ಸಾಕು, ದಿನಾ ನೋಡಿ ಮಗುವನ್ನು ಕಂಗಾಲು ಮಾಡಬೇಡಿ. ಬೆನ್ನು ಕಾಣುವಂತೆ, ಬರಿಗಾಲಲ್ಲಿ, ಪಾದಗಳೆರಡನ್ನೂ ಜೋಡಿಸಿ ಮಂಡಿ ಮಡಚದೆ ನಿಲ್ಲಿಸಿ. ಎರಡು ಅಂಗೈ ಕೂಡಿಸಿ, ತಲೆ ತಗ್ಗಿಸಿ, ಬೆನ್ನು ನೆಲಕ್ಕೆ ಸಮವಾಗುವವರೆಗೆ ನಿಧಾನ ಬಗ್ಗಲಿ. ನೀವು ಹಿಂದೆ ಕುಕ್ಕರಗಾಲಲ್ಲಿ ಕೂತು, ನಿಮ್ಮ ಕಣ್ಣು ಅವಳ ಬೆನ್ನಿನ ಮಟ್ಟಕ್ಕೆ ಬರುವಂತೆ ಇಟ್ಟುಕೊಂಡು, ಬೆನ್ನುಮೂಳೆಯ ಎಡಬಲಗಳಲ್ಲಿ ಯಾವುದು ಎತ್ತರ ಎಂದು ನೋಡಿ. ಅದೇ ಜಾಗ, ಅದೇ ಬೆಳಕಿನಲ್ಲಿ ಫೋನಿನಲ್ಲಿ ಒಂದು ಚಿತ್ರ ತೆಗೆದು ತಾರೀಕು ಹಾಕಿಡಿ. ಇಲ್ಲೊಂದು ಮೋಸವಿದೆ: ಎಡಪಕ್ಕದ ಮಾಂಸವೇ ಕಡಿಮೆ ಇರುವುದರಿಂದ ಬೆನ್ನುಮೂಳೆ ತಿರುಚದಿದ್ದರೂ ಬಲ ಎತ್ತರ ಕಾಣುತ್ತದೆ. ಹಾಗಾಗಿ ಒಂದು ಚಿತ್ರದಿಂದ ತೀರ್ಮಾನಕ್ಕೆ ಬರಬೇಡಿ, ಹಿಂದಿನ ಚಿತ್ರಕ್ಕೆ ಹೋಲಿಸಿ. ಫೋನಿನ ಆ್ಯಪಿನಲ್ಲಿ ಓರೆ ಅಳೆದರೂ ಇದೇ ಮಾತು.

ಎತ್ತರವನ್ನು ಎರಡು ರೀತಿ ಅಳೆಯಿರಿ, ನಿಂತು ಮತ್ತು ಕೂತು. ಗೋಡೆಗೆ ಒತ್ತಿ ಮಣೆ ಅಥವಾ ಗಟ್ಟಿ ಸ್ಟೂಲಿನ ಮೇಲೆ ಕೂರಿಸಿ, ತಲೆಯ ಮೇಲೆ ಚಪ್ಪಟೆ ಪುಸ್ತಕವಿಟ್ಟು ಗೋಡೆಗೆ ಗುರುತು ಹಾಕಿ, ಆಸನದಿಂದ ಗುರುತಿನವರೆಗೆ ಅಳೆಯಿರಿ. ವಿಕಿರಣ ಕೊಟ್ಟ ಬೆನ್ನು ಹಿಂದೆ ಬಿದ್ದರೆ ಅದು ಮೊದಲು ಕೂತ ಎತ್ತರದಲ್ಲಿ ಗೊತ್ತಾಗುತ್ತದೆ. ಕಾಲು ಬೆಳೆಯುತ್ತಿರುವುದರಿಂದ ನಿಂತ ಎತ್ತರ ಅದನ್ನು ಮರೆಸುತ್ತದೆ. ಮೈನೆರೆಯುವ ಮುಂಚೆ ವರ್ಷಕ್ಕೆ 5-6 ಸೆಂ.ಮೀ. ಬೆಳೆಯುವುದು ಸಾಮಾನ್ಯ. ಒಟ್ಟು ಬೆಳವಣಿಗೆ 4 ಸೆಂ.ಮೀ.ಗಿಂತ ಕಡಿಮೆಯಾದರೆ ವೈದ್ಯರಿಗೆ ಹೇಳಿ.

ಆಸ್ಪತ್ರೆಯಲ್ಲಿ ಆರು ತಿಂಗಳಿಗೊಮ್ಮೆ ಮೂಳೆ ತಜ್ಞರು ನೋಡಲಿ, ಬೆನ್ನುಮೂಳೆಯದೇ ಅನುಭವ ಇರುವವರಾದರೆ ಒಳ್ಳೆಯದು. ಎಕ್ಸ್-ರೇ ಪ್ರತಿ ಸಲ ಬೇಕೆಂದಿಲ್ಲ. ತೆಗೆಸಿದಾಗ ನಿಂತು ತೆಗೆದದ್ದಾಗಿರಬೇಕು, ಕತ್ತಿನಿಂದ ಸೊಂಟದ ಮೂಳೆಯವರೆಗೆ ಒಂದೇ ಚಿತ್ರದಲ್ಲಿ ಬರಬೇಕು, ಕಿರಣ ಬೆನ್ನಿನ ಕಡೆಯಿಂದ ಹೋಗುವಂತಿರಬೇಕು. ಆಗ ಎದೆಗೂ ಥೈರಾಯ್ಡಿಗೂ ಬೀಳುವ ಕಿರಣ ಕಡಿಮೆ. ಮಲಗಿಸಿ ತೆಗೆದ ಎಕ್ಸ್-ರೇಯಲ್ಲಿ ಬಾಗು ಕಡಿಮೆ ಕಾಣುತ್ತದೆ, ಅದನ್ನು ನಿಂತದ್ದಕ್ಕೆ ಹೋಲಿಸಿ ಹೆಚ್ಚಾಯಿತು ಎಂದು ಗಾಬರಿಪಡುವವರು ಬಹಳ. ನಿಮ್ಮ 14 ಡಿಗ್ರಿ ಯಾವ ರೀತಿ ತೆಗೆದದ್ದೋ ವಿಚಾರಿಸಿ. ಅಳತೆಯಲ್ಲೇ ಐದು ಡಿಗ್ರಿಯವರೆಗೆ ಹೆಚ್ಚುಕಮ್ಮಿ ಬರುವುದುಂಟು. 14 ಇದ್ದದ್ದು 17 ಆದರೆ ಅದು ಬಾಗು ಹೆಚ್ಚಿದ್ದಲ್ಲದೆಯೂ ಇರಬಹುದು. 21 ಆದರೆ ಹೆಚ್ಚಿದೆ. ಮೊದಲೇ ಅಷ್ಟು ಕರೆಂಟು ಆಗಿದೆ, ಮತ್ತೆ ಎಕ್ಸ್-ರೇ ಬೇಕೇ ಎಂಬ ಅಳುಕು ಸಹಜವೇ. ಒಂದು ಎಕ್ಸ್-ರೇಯ ಪ್ರಮಾಣ ಆ ಚಿಕಿತ್ಸೆಯ ಸಾವಿರದಲ್ಲಿ ಒಂದು ಪಾಲೂ ಅಲ್ಲ. ತಿಂಗಳಿಗೊಂದು ಬೇಡ, ಬೇಕಾದಾಗ ಬಿಡಲೂ ಬೇಡ.

ಮುಂದಿನ ದಾರಿಗಳು ಬಾಗಿನ ಅಳತೆಯ ಮೇಲೆ. 20ರೊಳಗೆ ಇದ್ದರೆ ನೋಡುತ್ತ ಹೋಗುವುದು ಮತ್ತು ವ್ಯಾಯಾಮ. ಈ ಪ್ರಮಾಣದ ವಿಕಿರಣ ಪಡೆದ ಹೆಚ್ಚಿನ ಮಕ್ಕಳ ಕಥೆ ಇಲ್ಲಿಗೇ ನಿಲ್ಲುತ್ತದೆ. 25 ದಾಟಿ, ಬೆಳವಣಿಗೆ ಇನ್ನೂ ಬಾಕಿಯಿದ್ದರೆ ಬ್ರೇಸ್ ಮಾತು ಬರುತ್ತದೆ. ಬ್ರೇಸ್ ಎಂದರೆ ನೀವು ತಂದ ಎಲಾಸ್ಟಿಕ್ ಬೆಲ್ಟ್ ಅಲ್ಲ. ಆ ಬೆಲ್ಟು ದೊಡ್ಡವರ ಸೊಂಟನೋವಿಗೆ ಮಾಡಿದ್ದು, ಬಾಗನ್ನು ಒಂದು ಡಿಗ್ರಿಯೂ ತಡೆಯುವುದಿಲ್ಲ. ಇಡೀ ದಿನ ಕಟ್ಟಿದರೆ ಈಗಾಗಲೇ ತೆಳುವಾಗಿರುವ ಸ್ನಾಯು ಇನ್ನಷ್ಟು ಸೋಮಾರಿಯಾಗುತ್ತದೆ. ತೆಗೆದಿಡಿ. ನಿಜವಾದ ಬ್ರೇಸನ್ನು ಮೈಯ ಅಚ್ಚು ತೆಗೆದು ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಮಾಡುತ್ತಾರೆ, ದಿನಕ್ಕೆ 18 ಗಂಟೆಯಾದರೂ ಹಾಕಬೇಕು. ಕಾರಣವಿಲ್ಲದೆ ಬರುವ ಮಾಮೂಲಿ ಸ್ಕೋಲಿಯೋಸಿಸ್‌ನಲ್ಲಿ ಅದರ ಪ್ರಯೋಜನ ಗಟ್ಟಿಯಾಗಿ ಗೊತ್ತಾಗಿದೆ. ವಿಕಿರಣದಿಂದ ಬಂದ ಬಾಗಿನಲ್ಲಿ ಪುರಾವೆ ತೆಳು, ಆದರೂ ಬೆಳವಣಿಗೆಯ ಓಟದ ವರ್ಷಗಳಲ್ಲಿ ಪ್ರಯತ್ನಿಸುವುದು ರೂಢಿ.

ಬ್ರೇಸ್ ಬಂದರೆ ಇಂಥ ಮಕ್ಕಳಲ್ಲಿ ಎಡವುವುದು ಎಲ್ಲಿ ಎಂದು ಮೊದಲೇ ತಿಳಿದಿರಲಿ. ಬ್ರೇಸ್ ಕೂರುವುದು ಸೊಂಟದ ಮೂಳೆಯ ಎರಡು ಅಂಚುಗಳ ಮೇಲೆ. ನಿಮ್ಮ ಮಗಳ ಎಡ ಅಂಚು ಚಿಕ್ಕದು, ಹಿಡಿತ ಸಿಗದೆ ಬ್ರೇಸು ಕೆಳಗೆ ಜಾರಿ ತಿರುಗುತ್ತದೆ. ತಯಾರಿಸುವವರಿಗೆ ಅದನ್ನು ತೋರಿಸಿ, ಎಡಕ್ಕೆ ಮೆತ್ತೆ ಕೊಟ್ಟು ತುಂಬಿಸುವಂತೆ ಕೇಳಿ. ವಿಕಿರಣ ಬಿದ್ದ ಚರ್ಮ ಒಣಗಿ ತೆಳುವಾಗಿರುತ್ತದೆ, ಗಾಯವಾದರೆ ಬೇಗ ಮಾಯುವುದಿಲ್ಲ. ಒಳಗೆ ಹೊಲಿಗೆಯಿಲ್ಲದ, ಸುಕ್ಕಾಗದ ಹತ್ತಿ ಬನಿಯನ್ ಹಾಕಿ. ಬ್ರೇಸ್ ಬಿಚ್ಚಿ ಅರ್ಧ ಗಂಟೆಯಾದರೂ ಕೆಂಪು ಹೋಗದಿದ್ದರೆ ಅವತ್ತು ಹಾಕಬೇಡಿ, ಸರಿಪಡಿಸಲು ಕೊಡಿ. ಬಲಗಡೆ ಉಳಿದಿರುವುದು ಒಂದೇ ಕಿಡ್ನಿ ಎಂಬುದನ್ನೂ ತಯಾರಿಸುವವರಿಗೆ ಹೇಳಿ.

45-50 ಡಿಗ್ರಿ ದಾಟಿದರೆ ಆಪರೇಷನ್. ನಿಮ್ಮ ಮಗಳಿಗೆ ಅಲ್ಲಿಗೆ ಹೋಗುವ ಸಂಭವ ಕಡಿಮೆ, ಹಾಗಾಗಿ ಚುಟುಕಾಗಿ ಹೇಳುತ್ತೇನೆ. ವಿಕಿರಣ ಬಿದ್ದ ಮೂಳೆ ಒಂದಕ್ಕೊಂದು ಬೆಸೆಯುವುದು ನಿಧಾನ, ಗಾಯ ಕೂಡುವುದು ನಿಧಾನ, ಸೋಂಕಿನ ಭಯ ಹೆಚ್ಚು. ಈ ಹಿನ್ನೆಲೆ ಗೊತ್ತಿರುವ ದೊಡ್ಡ ಕೇಂದ್ರದಲ್ಲೇ ಮಾಡಿಸಬೇಕು. ಕೀಮೋದಲ್ಲಿ ಹೃದಯಕ್ಕೂ ತಾಗಬಲ್ಲ ಡಾಕ್ಸೋರುಬಿಸಿನ್ ಔಷಧ ಇದ್ದರೆ, ಮೂರನೇ ಹಂತಕ್ಕೆ ಸಾಮಾನ್ಯವಾಗಿ ಇರುತ್ತದೆ, ಯಾವುದೇ ಅರಿವಳಿಕೆಗೆ ಮುಂಚೆ ಹೃದಯದ ಎಕೋ ಆಗಬೇಕು.

ವ್ಯಾಯಾಮಕ್ಕೆ ಬರೋಣ. ತೆಳುವಾದ ಸ್ನಾಯು ಇನ್ನೊಂದು ಕಡೆಯಷ್ಟು ದಪ್ಪವಾಗುವುದಿಲ್ಲ, ಆ ಆಸೆ ಬೇಡ. ಇರುವಷ್ಟಕ್ಕೆ ಬಲ ತುಂಬಬಹುದು, ಬಿಗಿತ ಬಿಡಿಸಬಹುದು. ಫಿಸಿಯೋಥೆರಪಿಸ್ಟ್ ಒಮ್ಮೆ ಎದುರು ನಿಂತು ಕಲಿಸಲಿ, ಆಮೇಲೆ ಮನೆಯಲ್ಲಿ ವಾರಕ್ಕೆ ಐದು ದಿನ, ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ಅಂಬೆಗಾಲಿನಲ್ಲಿ ನಿಂತು ಒಂದು ಕೈ, ಅದರ ಎದುರು ಕಡೆಯ ಕಾಲು ಚಾಚಿ ಐದು ಎಣಿಸುವುದು. ಪಕ್ಕಕ್ಕೆ ಮಲಗಿ ಮೊಣಕೈ ಊರಿ ಸೊಂಟ ಎತ್ತಿ ಹಿಡಿಯುವುದು. ಬಿಗಿತಕ್ಕೆ, ಎಡಗೈಯನ್ನು ತಲೆಯ ಮೇಲೆ ಚಾಚಿ ಬಲಕ್ಕೆ ಬಾಗಿ, ಎಡಪಕ್ಕ ಎಳೆದಂತಾದಾಗ ಮೂವತ್ತು ಎಣಿಸುವವರೆಗೆ ನಿಲ್ಲುವುದು, ಮೂರು ಸಲ. ನೋವು ಬಂದರೆ ನಿಲ್ಲಿಸಬೇಕು. ಇನ್ನೊಂದು ಪರೀಕ್ಷೆ ಮಾಡಿ: ಹಿಮ್ಮಡಿಯ ಮೇಲೆ ಹತ್ತು ಹೆಜ್ಜೆ ನಡೆಯಲು ಹೇಳಿ. ಮುಂಗಾಲು ಎತ್ತಲಾಗದಿದ್ದರೆ ಅದು ಕೀಮೋದ ವಿನ್‌ಕ್ರಿಸ್ಟಿನ್ ಔಷಧ ನರಗಳಿಗೆ ಮಾಡಿದ ಹಳೆಯ ಪೆಟ್ಟಿರಬಹುದು, ಅದಕ್ಕೆ ಬೇರೆ ವ್ಯಾಯಾಮವಿದೆ.

ಖೋಖೋ ಆಡಲಿ. ಓಡುವುದು, ಸ್ಕಿಪ್ಪಿಂಗ್, ಕುಣಿತ ಇವು ಮೂಳೆ ಗಟ್ಟಿಯಾಗಲು ಬೇಕಾದದ್ದೇ. ಆಟ ಬಿಡಿಸಿ ಕೂರಿಸಿದ ಮಗುವಿನ ಬೆನ್ನು ಇನ್ನಷ್ಟು ಬಲಹೀನವಾಗುತ್ತದೆ. ಪಿಟಿ ಮೇಷ್ಟ್ರಿಗೆ ವೈದ್ಯರಿಂದ ಒಂದು ಚೀಟಿ ಬರೆಸಿಕೊಡಿ. ಒಂದೇ ಕಿಡ್ನಿ ಇರುವುದರಿಂದ ಕಬಡ್ಡಿಯಂಥ, ಮೈಮೇಲೆ ಬೀಳುವ ಆಟದ ಬಗ್ಗೆ ಮಾತ್ರ ಕಿಡ್ನಿ ನೋಡುವ ವೈದ್ಯರನ್ನು ಕೇಳಿ ನಿರ್ಧರಿಸಿ. ಅಂದಹಾಗೆ ಶಾಲೆಯ ಬ್ಯಾಗಿನಿಂದ ಈ ಬಾಗು ಬಂದದ್ದಲ್ಲ, ಎರಡು ಭುಜಕ್ಕೂ ಹಾಕಿಕೊಂಡರೆ ಸಾಕು.

ನಾಟಿ ವೈದ್ಯರ ಬಳಿ ತಿಕ್ಕಿಸಬೇಡಿ. ಬೆಳವಣಿಗೆ ಕಡಿಮೆಯಾಗಿ ಬಾಗಿದ ಬೆನ್ನನ್ನು ಯಾರೂ ತಿಕ್ಕಿ ಕೂರಿಸಲಾರರು, ಏಕೆಂದರೆ ಜಾಗ ತಪ್ಪಿದ ಮೂಳೆ ಅಲ್ಲಿ ಇಲ್ಲವೇ ಇಲ್ಲ. ಒತ್ತಿ ಎಳೆದರೆ ಬಿಗಿಯಾದ ಸ್ನಾಯು ಹರಿಯಬಹುದು, ತೆಳುವಾದ ಚರ್ಮ ಸುಲಿಯಬಹುದು. ಬಿಸಿ ಪಟ್ಟು, ಬರೆ ಯಾವುದೂ ಆ ಜಾಗಕ್ಕೆ ಸಲ್ಲ. ಸ್ನಾನಕ್ಕೆ ಮುಂಚೆ ನೀವೇ ಕೊಬ್ಬರಿ ಎಣ್ಣೆಯನ್ನು ಹಗುರವಾಗಿ ಸವರಿದರೆ ಒಣ ಚರ್ಮಕ್ಕೆ ಒಳ್ಳೆಯದು, ಮನೆಯ ಹಿರಿಯರಿಗೂ ಸಮಾಧಾನ.

ವಿಟಮಿನ್ ಡಿ ಪುಡಿಯ ವಿಷಯದಲ್ಲಿ ನನಗೆ ನಿಜಕ್ಕೂ ಆತಂಕ. ವಾರಕ್ಕೊಂದು ಎಂದು ಕೊಡುವ ಪುಡಿಯಲ್ಲಿ ಸಾಮಾನ್ಯವಾಗಿ 60,000 ಐಯು ಇರುತ್ತದೆ. ಕೊರತೆ ಇದ್ದವರಿಗೆ ಅದು ಆರೆಂಟು ವಾರದ ಲೆಕ್ಕ, ಆಮೇಲೆ ನಿಲ್ಲಿಸಬೇಕು. ದಿನದ ಅಗತ್ಯ 600 ಐಯು ಅಷ್ಟೇ. ತಿಂಗಳುಗಟ್ಟಲೆ ಮುಂದುವರಿಸಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ಅದರ ಭಾರವೆಲ್ಲ ಉಳಿದಿರುವ ಒಂದೇ ಕಿಡ್ನಿಯ ಮೇಲೆ ಬೀಳುತ್ತದೆ. ಇವತ್ತೇ ನಿಲ್ಲಿಸಿ, ಈ ವಾರದಲ್ಲೇ ವಿಟಮಿನ್ ಡಿ, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ. ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಪದೇಪದೇ ಮೂತ್ರ ಇದ್ದರೆ ಕಾಯದೆ ವೈದ್ಯರ ಬಳಿ ಹೋಗಿ. ಕ್ಯಾಲ್ಸಿಯಂ ಅಡುಗೆಮನೆಯಿಂದಲೇ ಸಿಗುತ್ತದೆ. ಈ ವಯಸ್ಸಿಗೆ ದಿನಕ್ಕೆ 850 ಮಿಲಿಗ್ರಾಂ ಬೇಕು. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 350 ಇದೆ, ಒಂದು ಲೋಟ ಹಾಲಿನಲ್ಲಿ ಹತ್ತಿರ ಹತ್ತಿರ 240. ಒಂದು ಹೊತ್ತು ಮುದ್ದೆ ಅಥವಾ ರೊಟ್ಟಿ, ಒಂದು ಲೋಟ ಹಾಲು, ಒಂದು ಬಟ್ಟಲು ಮೊಸರು, ಸೊಪ್ಪಿನ ಸಾರು ಇದ್ದರೆ ಲೆಕ್ಕ ತುಂಬುತ್ತದೆ. ಬೆನ್ನು ನೋವೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್, ಅಸೆಕ್ಲೋಫೆನಾಕ್ ಕೊಡಬೇಡಿ, ಇವು ಕಿಡ್ನಿಗೆ ಒಳ್ಳೆಯದಲ್ಲ. ತೂಕಕ್ಕೆ ತಕ್ಕ ಪ್ಯಾರಸಿಟಮಾಲ್ ಸಾಕು.

ಯಾವಾಗ ಕಾಯಬಾರದು? ರಾತ್ರಿ ಎಬ್ಬಿಸುವ ನೋವು, ವಾರದಿಂದ ವಾರಕ್ಕೆ ಹೆಚ್ಚುವ ನೋವು, ವಿಕಿರಣ ಬಿದ್ದ ಜಾಗದಲ್ಲಿ ಹೊಸ ಗಂಟು, ಕಾಲಿನಲ್ಲಿ ಬಲ ಕಡಿಮೆಯಾಗುವುದು ಅಥವಾ ಜೋಮು, ಮೂತ್ರದ ಹಿಡಿತ ತಪ್ಪುವುದು, ಕೆಲವೇ ತಿಂಗಳಲ್ಲಿ ಬಾಗು ಎದ್ದು ಕಾಣುವಂತೆ ಹೆಚ್ಚುವುದು. ಗಂಟುಗಳಲ್ಲಿ ಹೆಚ್ಚಿನವು ಆಸ್ಟಿಯೋಕಾಂಡ್ರೋಮಾ ಎಂಬ ನಿರುಪದ್ರವಿ ಮೂಳೆಯ ಬೆಳೆ, ಚಿಕ್ಕಂದಿನಲ್ಲಿ ವಿಕಿರಣ ಪಡೆದವರಲ್ಲಿ ಅದು ಬರುವುದುಂಟು. ಆದರೆ ವರ್ಷಗಳ ನಂತರ ಅದೇ ಜಾಗದಲ್ಲಿ ಮೂಳೆಯ ಹೊಸ ಕ್ಯಾನ್ಸರ್ ಹುಟ್ಟುವ ಸಾಧ್ಯತೆಯೂ ಇದೆ. ಅಪರೂಪ, ಕಡಿಮೆ ಪ್ರಮಾಣಕ್ಕೆ ಇನ್ನೂ ಅಪರೂಪ, ಆದರೆ ಇಲ್ಲವೆನ್ನಲಾಗದು. ಗಟ್ಟಿ ಗಂಟು ಸಿಕ್ಕರೆ ಎಕ್ಸ್-ರೇ ಆಗಲೇಬೇಕು.

ಬೇರೆ ಜಾಗಕ್ಕೆ ವಿಕಿರಣ ಪಡೆದ ಮಕ್ಕಳ ಪೋಷಕರೂ ಇದನ್ನು ಓದುತ್ತಿರಬಹುದು, ಅವರಿಗೆ ನಾಲ್ಕು ಮಾತು. ಮೆದುಳಿನ ಗಡ್ಡೆಗೆ ತಲೆ ಮತ್ತು ಪೂರ್ತಿ ಬೆನ್ನಿಗೆ 23.4 ಅಥವಾ 36 ಗ್ರೇ ಪಡೆದವರಲ್ಲಿ ಬೆನ್ನು ಗಿಡ್ಡವಾಗುವುದರ ಜೊತೆಗೆ ಬೆಳವಣಿಗೆಯ ಹಾರ್ಮೋನೂ ಕಡಿಮೆಯಾಗಬಹುದು. ಹಾರ್ಮೋನ್ ಚುಚ್ಚುಮದ್ದು ಕೊಟ್ಟರೆ ಕಾಲು ಬೆಳೆದಷ್ಟು ಬೆನ್ನು ಬೆಳೆಯುವುದಿಲ್ಲ, ಬಾಗಿದ್ದರೆ ಅದನ್ನು ಹತ್ತಿರದಿಂದ ನೋಡುತ್ತಿರಬೇಕು. ಮಂಡಿಯ ಸುತ್ತ ಪಡೆದವರಲ್ಲಿ ಕಾಲಿನ ಉದ್ದದ ವ್ಯತ್ಯಾಸ ಬರುತ್ತದೆ, ತೊಡೆಮೂಳೆಯ ಕೆಳತುದಿಯೊಂದೇ ವರ್ಷಕ್ಕೆ 9 ಮಿ.ಮೀ. ಆಸುಪಾಸು ಬೆಳೆಯುವ ಜಾಗ. 2 ಸೆಂ.ಮೀ. ಒಳಗಿನ ವ್ಯತ್ಯಾಸಕ್ಕೆ ಚಪ್ಪಲಿ ಎತ್ತರಿಸಿದರೆ ಆಯಿತು. ಅದಕ್ಕೂ ಹೆಚ್ಚಾದರೆ ಸರಿಯಾದ ಕಾಲಿನ ಬೆಳವಣಿಗೆಯನ್ನು ಸಮಯ ನೋಡಿ ನಿಲ್ಲಿಸುವ ಸಣ್ಣ ಶಸ್ತ್ರಕ್ರಿಯೆ ಇದೆ. ವಿಕಿರಣ ಬಿದ್ದ ಮೂಳೆಯನ್ನೇ ಉದ್ದ ಮಾಡಲು ಹೋಗುವುದು ಅಪಾಯದ ಕೆಲಸ. ಸೊಂಟದ ಕೀಲಿಗೆ ವಿಕಿರಣ ಪಡೆದ ಮಗು ಕುಂಟಿದರೆ, ಮಂಡಿ ನೋವು ಎಂದು ಹೇಳಿದರೂ ಸೊಂಟದ ಎಕ್ಸ್-ರೇ ತೆಗೆಸಿ. ತೊಡೆಮೂಳೆಯ ತಲೆ ಜಾರಿದಾಗ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ, ಬರೀ ಮಂಡಿ ನೋಡಿ ಕಳಿಸಿಬಿಡುವುದುಂಟು. ದವಡೆಗೆ ಪಡೆದವರು ಬಾಯಿ ತೆರೆಯುವ ವ್ಯಾಯಾಮವನ್ನು ಬಿಡಲೇಬಾರದು. ಐಸ್‌ಕ್ರೀಂ ಕಡ್ಡಿಗಳನ್ನು ಹಲ್ಲುಗಳ ನಡುವೆ ಒಂದೊಂದಾಗಿ ಹೆಚ್ಚಿಸುತ್ತ ಹೋಗುವುದು ಸುಲಭದ ದಾರಿ.

ನಿಮ್ಮಿಂದ ಈಗ ಆಗಬೇಕಾದ ಇನ್ನೊಂದು ಕೆಲಸ ಕಾಗದಪತ್ರದ್ದು. ಡಿಸ್ಚಾರ್ಜ್ ಚೀಟಿಯ 10.8 ಎಂಬ ಒಂದು ಅಂಕಿ ಸಾಲದು. ಚಿಕಿತ್ಸೆ ಆದದ್ದು ಬೆಂಗಳೂರಿನ ಕಿದ್ವಾಯಿಯಾಗಲಿ ಬೇರೆಡೆಯಾಗಲಿ, ದೊಡ್ಡ ಆಸ್ಪತ್ರೆಗಳಲ್ಲಿ ವೈದ್ಯಕೀಯ ದಾಖಲೆ ವಿಭಾಗ ಇರುತ್ತದೆ. ಫೈಲ್ ನಂಬರ್ ಕೊಟ್ಟು ಕೇಳಿ: ಒಟ್ಟು ಪ್ರಮಾಣ, ಎಷ್ಟು ಸಲ, ಯಾವ ತಾರೀಕು, ಕೋಬಾಲ್ಟ್ ಯಂತ್ರವೋ ಲೀನಿಯರ್ ಆಕ್ಸಲರೇಟರೋ, ಯಾವ ಕಶೇರುವಿನಿಂದ ಯಾವುದರವರೆಗೆ, ಹೆಚ್ಚುವರಿ ಪ್ರಮಾಣ ಕೊಟ್ಟಿದ್ದಾರೆಯೇ, ಯಾವ ಕೀಮೋ ಔಷಧ ಒಟ್ಟು ಎಷ್ಟು. ಅಸಲು ಚೀಟಿಯನ್ನು ಮನೆಯಲ್ಲಿಡಿ, ನಕಲನ್ನು ಪ್ರತಿ ವೈದ್ಯರಿಗೂ ತೋರಿಸಿ.

ಮದುವೆ, ಮಕ್ಕಳ ಬಗ್ಗೆ ಕೇಳಿದ್ದೀರಿ. ಸಣ್ಣ ಬಾಗಿನಿಂದಾಗಲಿ ಸೊಂಟದ ಒಂದು ಕಡೆ ತಗ್ಗಾಗಿರುವುದರಿಂದಾಗಲಿ ಯಾವುದಕ್ಕೂ ಅಡ್ಡಿಯಿಲ್ಲ. ಎಡಪಕ್ಕಕ್ಕೆ ಮಾತ್ರ ಕೊಟ್ಟಿದ್ದರೆ ಗರ್ಭಕೋಶ, ಅಂಡಾಶಯಗಳ ಬಹುಭಾಗ ಕ್ಷೇತ್ರದ ಹೊರಗೇ ಇರುತ್ತದೆ. ಕ್ಷೇತ್ರ ಎಲ್ಲಿಯವರೆಗೆ ಇತ್ತು ಎಂಬ ದಾಖಲೆ ಬೇಕಾಗುವುದು ಇದಕ್ಕೂ ಹೌದು. ಹದಿಮೂರು ದಾಟಿದರೂ ಎದೆ ಬೆಳೆಯುವ ಲಕ್ಷಣ ಕಾಣದಿದ್ದರೆ ಹಾರ್ಮೋನ್ ತಜ್ಞರಿಗೆ ತೋರಿಸಿ. ಹೊಟ್ಟೆಗೆ ವಿಕಿರಣ ಪಡೆದವರು ಬಸುರಿಯಾದಾಗ ಬಿಪಿ ಏರುವುದು, ದಿನ ತುಂಬುವ ಮುಂಚೆ ಹೆರಿಗೆಯಾಗುವುದು, ಮಗು ಅಡ್ಡ ನಿಲ್ಲುವುದು ಮಾಮೂಲಿಗಿಂತ ಹೆಚ್ಚು, ಪ್ರಮಾಣ ಹೆಚ್ಚಿದಷ್ಟು ಇದೂ ಹೆಚ್ಚು. ಆಗ ಮೊದಲ ತಿಂಗಳಲ್ಲೇ ದೊಡ್ಡ ಆಸ್ಪತ್ರೆಯಲ್ಲಿ ಹೆಸರು ಬರೆಸಿ, ಒಂದೇ ಕಿಡ್ನಿ ಇರುವುದನ್ನೂ ವಿಕಿರಣದ ಚೀಟಿಯನ್ನೂ ಹೆರಿಗೆ ವೈದ್ಯರ ಮುಂದಿಡಬೇಕು. ಸೊಂಟಕ್ಕೆ ಚುಚ್ಚುವ ಅರಿವಳಿಕೆ ಬೇಕಾದರೆ ಬೆನ್ನಿನ ಬಾಗನ್ನು ಅರಿವಳಿಕೆ ತಜ್ಞರು ಮೊದಲೇ ನೋಡಿಟ್ಟುಕೊಳ್ಳುತ್ತಾರೆ.